ಪ್ರೋಗ್ರಾಮಿನ ಬುತ್ತಿಗಂಟು

ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಮು ಎಂದರೆ ಬರಿಯ ಕೋಡಲ್ಲ. ತೆರೆಯ ಮೇಲಿನ ಐಕಾನು, ಮೆನುವಿನ ಪದಗಳು, ‘ಉಳಿಸಬೇಕೆ?’ ಎಂದು ಕೇಳುವ ಪುಟ್ಟ ಪೆಟ್ಟಿಗೆ, ಮೌಸಿನ ಬಾಣ, ಟಿಂಗೆನ್ನುವ ಸದ್ದು, ಅಕ್ಷರಗಳ ಫಾಂಟು, ಇವೆಲ್ಲ ಕೋಡಿನ ಜೊತೆಗಿರಬೇಕಾದ ಸಾಮಗ್ರಿ. ಇವಕ್ಕೆ ತಂತ್ರಾಂಶ ಬರೆಯುವವರು ಇಟ್ಟ ಹೆಸರು ರಿಸೋರ್ಸ್. ಕನ್ನಡದಲ್ಲಿ ಸಂಪನ್ಮೂಲ ಎಂದು ಅನುವಾದಿಸುವುದುಂಟು. ಆದರೆ ಆ ಪದ ಕೇಳಿದೊಡನೆ ನೆನಪಾಗುವುದು ನೀರು, ಅದಿರು, ಕಾಡು. ಬುತ್ತಿ ಎಂಬ ಪದವೇ ಇದಕ್ಕೆ ಹೆಚ್ಚು ಹತ್ತಿರ: ಪ್ರೋಗ್ರಾಮು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೊರಟಾಗ ಕಟ್ಟಿಕೊಂಡು ಹೋಗಬೇಕಾದ್ದು, ಮರೆತರೆ ದಾರಿಯಲ್ಲಿ ಉಪವಾಸ ಬೀಳಿಸುವಂಥದ್ದು. ಈ ಗಂಟನ್ನು ಹೇಗೆ ಕಟ್ಟುವುದೆಂಬ ಪ್ರಶ್ನೆಗೆ ನಾಲ್ಕು ದಶಕಗಳಲ್ಲಿ ಹಲವು ಉತ್ತರಗಳು ಬಂದಿವೆ. ಎಲ್ಲ ಉತ್ತರಗಳಲ್ಲೂ ಒಂದು ಕಣ್ಕಟ್ಟು ಇದ್ದೇ ಇದೆ. ಹಲವನ್ನು ಒಂದೆಂದೋ ಒಂದನ್ನು ಹಲವೆಂದೋ ಯಾರಾದರೊಬ್ಬರಿಗೆ ನಂಬಿಸಬೇಕು: ಒಮ್ಮೆ ಬಳಕೆದಾರರಿಗೆ, ಒಮ್ಮೆ ಆಪರೇಟಿಂಗ್ ಸಿಸ್ಟಮ್ಮಿಗೆ, ಒಮ್ಮೆ ಸ್ವತಃ ಪ್ರೋಗ್ರಾಮಿಗೆ.

1970ರ ದಶಕದ ಯೂನಿಕ್ಸ್ ಪ್ರೋಗ್ರಾಮುಗಳಿಗೆ ಈ ತಾಪತ್ರಯ ಅಷ್ಟಾಗಿ ಇರಲಿಲ್ಲ. ಅವು ಅಕ್ಷರ ಮಾತ್ರ ಕಾಣಿಸುವ ಟರ್ಮಿನಲ್ಲಿನಲ್ಲಿ ಮಾತಾಡುತ್ತಿದ್ದವು. ಹೇಳಬೇಕಾದ ನಾಲ್ಕು ಮಾತನ್ನು ಸಿ ಭಾಷೆಯ ಕೋಡಿನಲ್ಲೇ ಉದ್ಧರಣ ಚಿಹ್ನೆಗಳ ನಡುವೆ ಬರೆದಿಟ್ಟರೆ ಮುಗಿಯಿತು. ಅದರಲ್ಲೊಂದು ಕಾಗುಣಿತದ ತಪ್ಪು ಕಂಡರೆ ಇಡೀ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಬೇಕು, ಅಷ್ಟೇ. ಇನ್ನೊಂದು ತುದಿಯಲ್ಲಿ, ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ, ಸ್ಮಾಲ್‌ಟಾಕ್ ಎಂಬ ಪ್ರೋಗ್ರಾಮಿಂಗ್ ವ್ಯವಸ್ಥೆ ಇತ್ತು. ಅಲ್ಲಿ ಕೋಡು, ಚಿತ್ರ, ತೆರೆದಿಟ್ಟ ಕಿಟಕಿ, ಅರ್ಧ ಬರೆದ ಸಾಲು ಎಲ್ಲವೂ ‘ಇಮೇಜ್’ ಎಂಬ ಒಂದೇ ಫೈಲಿನಲ್ಲಿ ಉಳಿಯುತ್ತಿದ್ದವು, ನಡೆಯುತ್ತಿದ್ದ ನಾಟಕವನ್ನು ರಂಗದ ಸಮೇತ ನಿಂತಲ್ಲೇ ಕಟ್ಟಿಟ್ಟ ಹಾಗೆ. ಒಂದು ಕಡೆ ಕಟ್ಟುವುದಕ್ಕೇ ಏನೂ ಇಲ್ಲ. ಇನ್ನೊಂದು ಕಡೆ ಕಟ್ಟಿದ್ದನ್ನು ಬಿಡಿಬಿಡಿಯಾಗಿ ತೆಗೆಯುವುದು ಕಷ್ಟ.

ನಡುವಿನ ದಾರಿ ತೆರೆದದ್ದು 1984ರ ಜನವರಿ 24ರಂದು ಬಿಡುಗಡೆಯಾದ ಆಪಲ್ ಮ್ಯಾಕಿಂಟಾಷ್. ಅದರ ರಿಸೋರ್ಸ್ ಮ್ಯಾನೇಜರನ್ನು ರೂಪಿಸಿದ ಬ್ರೂಸ್ ಹಾರ್ನ್, ಹದಿಹರೆಯದಲ್ಲೇ ಪಾರ್ಕಿನ ಸ್ಮಾಲ್‌ಟಾಕ್ ತಂಡದ ಜೊತೆ ಪಳಗಿ ಬಂದವರು. ಮ್ಯಾಕಿನಲ್ಲಿ ಪ್ರತಿ ಫೈಲಿಗೂ ಎರಡು ಕವಲು. ಡೇಟಾ ಫೋರ್ಕ್ ಎಂಬುದರಲ್ಲಿ ಮಾಮೂಲಿ ಫೈಲಿನಂತೆ ಬೈಟುಗಳ ಸಾಲು. ರಿಸೋರ್ಸ್ ಫೋರ್ಕಿನಲ್ಲಿ ಮಾತ್ರ ಎಲ್ಲವೂ ಅಂಗಡಿಯ ಗೂಡುಗಳಲ್ಲಿಟ್ಟಂತೆ ಒಪ್ಪವಾಗಿ ವಿಂಗಡಣೆಯಾಗಿರುತ್ತಿತ್ತು. ಒಂದೊಂದು ವಸ್ತುವಿಗೂ ನಾಲ್ಕು ಅಕ್ಷರದ ಜಾತಿ, ಒಂದು ಸಂಖ್ಯೆ. ಐಕಾನಿಗೆ ಒಂದು ಜಾತಿ, ಮೆನುವಿಗೆ ಒಂದು, ಸಂವಾದ ಪೆಟ್ಟಿಗೆಗೆ ಇನ್ನೊಂದು. ಪದಪುಂಜಗಳ ಜಾತಿಗೆ ಎಸ್, ಟಿ, ಆರ್ ಎಂಬ ಮೂರೇ ಅಕ್ಷರ ಸಾಕಾಗಿದ್ದರಿಂದ ನಾಲ್ಕನೆಯದಾಗಿ ಒಂದು ಖಾಲಿ ಜಾಗವನ್ನು ಸೇರಿಸಬೇಕಿತ್ತು. ಕಣ್ಣಿಗೆ ಕಾಣದ ಆ ಅಕ್ಷರವನ್ನು ಮರೆತರೆ ರಿಸೋರ್ಸ್ ಸಿಗುತ್ತಲೇ ಇರಲಿಲ್ಲ. ಕುತೂಹಲದ ಸಂಗತಿಯೆಂದರೆ ಪ್ರೋಗ್ರಾಮಿನ ಕೋಡು ಕೂಡ ಅದೇ ಗೂಡುಗಳಲ್ಲೊಂದರಲ್ಲಿ ಕೂತಿತ್ತು. ಕೋಡಿಗೂ ಒಂದು ಜಾತಿ. ಯಜಮಾನನೂ ಬುತ್ತಿಯೂ ಒಂದೇ ಗಂಟಿನೊಳಗೆ.

ಇಷ್ಟೆಲ್ಲ ಏರ್ಪಾಡಿಗೆ ಎರಡು ಕಾರಣಗಳಿದ್ದವು. ಮೊದಲನೆಯದು ಬಡತನ. ಆ ಮ್ಯಾಕಿನ ರ‍್ಯಾಮ್ 128 ಕಿಲೋಬೈಟ್, ಫ್ಲಾಪಿ 400 ಕಿಲೋಬೈಟ್. ಬೇಕಾದ ರಿಸೋರ್ಸನ್ನು ಬೇಕಾದಾಗ ಮಾತ್ರ ಡಿಸ್ಕಿನಿಂದ ತಂದುಕೊಂಡು, ಜಾಗ ಸಾಲದಾದಾಗ ಎಸೆದು, ಮತ್ತೆ ಬೇಕಾದರೆ ಮತ್ತೆ ತರುವ ವ್ಯವಸ್ಥೆ ಇಲ್ಲದಿದ್ದರೆ ಚಿತ್ರಮಯ ತೆರೆ ಅಷ್ಟು ಕಡಿಮೆ ಮೆಮೊರಿಯಲ್ಲಿ ನಡೆಯುತ್ತಿರಲಿಲ್ಲ. ಎರಡನೆಯದು ಭಾಷೆ. ಮೆನುವಿನ ಪದಗಳು ಕೋಡಿನ ಹೊರಗಿದ್ದರೆ ಫ್ರೆಂಚ್ ಅಥವಾ ಜರ್ಮನ್ ಆವೃತ್ತಿಗಾಗಿ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಬೇಕಿಲ್ಲ. ಕೋಡು ಬಾರದ ಅನುವಾದಕರು ಕೂಡ ಪದಗಳನ್ನು ಬದಲಿಸಬಹುದು. ಬಡತನದ ಕಾರಣ ಹತ್ತು ವರ್ಷಗಳಲ್ಲಿ ಸವೆದುಹೋಯಿತು. ಭಾಷೆಯ ಕಾರಣ ಉಳಿಯಿತು. ಮುಂದಿನ ಎಲ್ಲ ವ್ಯವಸ್ಥೆಗಳಲ್ಲೂ ಅದು ಮತ್ತೆ ಮತ್ತೆ ತಲೆಯೆತ್ತಿದೆ.

ಅನುವಾದಕರಿಗೆ ತೆರೆದ ಬಾಗಿಲು ಉಳಿದವರಿಗೂ ತೆರೆದೇ ಇತ್ತು. ರೆಸ್‌ಎಡಿಟ್ ಎಂಬ ಆಪಲ್‌ನದೇ ಸಲಕರಣೆಯಿಂದ ಸಾಮಾನ್ಯ ಬಳಕೆದಾರರು ಮೆನುವಿನ ಹೆಸರು ತಿದ್ದಿದರು, ಕಸದ ಬುಟ್ಟಿಯ ಚಿತ್ರ ಬದಲಿಸಿದರು. ಕಿಡಿಗೇಡಿಗಳೂ ಬಂದರು. ಯಾವುದಾದರೂ ರಿಸೋರ್ಸ್ ಬೇಕೆಂದಾಗ ಮ್ಯಾಕ್ ಕೊನೆಯದಾಗಿ ತೆರೆದ ಫೈಲಿನಲ್ಲಿ ಮೊದಲು ಹುಡುಕಿ, ಸಿಗದಿದ್ದರೆ ಹಿಂದಿನದಕ್ಕೆ ಹೋಗಿ, ಕಟ್ಟಕಡೆಗೆ ಸಿಸ್ಟಮ್ ಫೈಲನ್ನು ನೋಡುತ್ತಿತ್ತು. ಪ್ರೋಗ್ರಾಮು ತನ್ನದೇ ಐಕಾನನ್ನು ಮುಂದಿಡಲಿ ಎಂಬ ಸದುದ್ದೇಶದ ಕ್ರಮ ಇದು. 1989ರ ಡಿಸೆಂಬರಿನಲ್ಲಿ ಪತ್ತೆಯಾದ ಡಬ್ಲ್ಯುಡೆಫ್ ವೈರಸ್ ಈ ಕ್ರಮದಲ್ಲೇ ನುಸುಳಿತು. ಕಿಟಕಿಯ ಚೌಕಟ್ಟು ಬಿಡಿಸುವ ಕೋಡು ಕೂಡ ಒಂದು ರಿಸೋರ್ಸ್ ಆಗಿತ್ತಲ್ಲ; ಅದೇ ಹೆಸರಿನ ತನ್ನ ಕೋಡನ್ನು ವೈರಸ್ಸು ಫ್ಲಾಪಿಯಲ್ಲಿ ಅಡಗಿರುವ ಡೆಸ್ಕ್‌ಟಾಪ್ ಎಂಬ ಫೈಲಿನೊಳಗೆ ಇಟ್ಟಿತು. ಫ್ಲಾಪಿ ಹಾಕಿದೊಡನೆ ಆ ಫೈಲು ತೆರೆಯುತ್ತಿತ್ತು, ಹುಡುಕಾಟದಲ್ಲಿ ಅದೇ ಮೊದಲು ಸಿಗುತ್ತಿತ್ತು. ಯಾವ ಪ್ರೋಗ್ರಾಮನ್ನೂ ಓಡಿಸದೆ ಸೋಂಕು ಹರಡಿತು. 1991ರಲ್ಲಿ ಬಂದ ಸಿಸ್ಟಮ್ 7ರಲ್ಲಿ ಈ ಬಗೆಯ ಆಟ ನಡೆಯಲಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಪ್ರಯಾಣದ್ದು. ಎರಡು ಕವಲಿನ ಫೈಲೆಂಬುದು ಮ್ಯಾಕಿನ ಡಿಸ್ಕಿಗೆ ಮಾತ್ರ ಗೊತ್ತು. ಮೋಡೆಮ್ ಮೂಲಕ ಕಳಿಸಿದರೆ, ಯೂನಿಕ್ಸ್ ಯಂತ್ರದಲ್ಲೋ ಡಾಸ್ ಫ್ಲಾಪಿಯಲ್ಲೋ ಇಟ್ಟರೆ ಡೇಟಾ ಫೋರ್ಕ್ ಮಾತ್ರ ತಲುಪುತ್ತಿತ್ತು. ಕೋಡೆಲ್ಲ ಇದ್ದದ್ದು ರಿಸೋರ್ಸ್ ಫೋರ್ಕಿನಲ್ಲಾದ್ದರಿಂದ ತಲುಪಿದ ಪ್ರೋಗ್ರಾಮಿನ ಅಳತೆ ಸೊನ್ನೆ! ಇದಕ್ಕೆ ಮದ್ದಾಗಿ 1985ರಲ್ಲಿ ಮ್ಯಾಕ್‌ಬೈನರಿ ಎಂಬ ವಿಧಾನ ಬಂತು: ಮೊದಲು 128 ಬೈಟುಗಳ ತಲೆಬರಹ, ಅದರ ಹಿಂದೆ ಒಂದು ಕವಲು, ಅದರ ಹಿಂದೆ ಇನ್ನೊಂದು. ಗಂಟನ್ನೇ ಇನ್ನೊಂದು ಗಂಟಿನಲ್ಲಿ ಕಟ್ಟಿದಂತಾಯಿತು. ಆ ಕಾಲದ ಅವಶೇಷ ಇಂದಿಗೂ ಕಾಣಸಿಗುತ್ತದೆ. ಮ್ಯಾಕಿನಿಂದ ಬಂದ ಜಿಪ್ ಫೈಲನ್ನು ವಿಂಡೋಸ್‌ನಲ್ಲಿ ಬಿಚ್ಚಿದಾಗ ಎರಡು ಅಡಿಗೆರೆಗಳಿಂದ ಆರಂಭವಾಗುವ, ಮ್ಯಾಕ್‌ಓಎಸ್‌ಎಕ್ಸ್ ಹೆಸರಿನ ಒಂದು ಫೋಲ್ಡರು ಕೇಳದೆಯೇ ಜೊತೆಗೆ ಬರುತ್ತದೆ. ಅದರೊಳಗಿನ ಚುಕ್ಕಿ-ಅಡಿಗೆರೆಯ ಫೈಲುಗಳು ರಿಸೋರ್ಸ್ ಫೋರ್ಕಿನಂಥ ಹೆಚ್ಚುವರಿ ಮಾಹಿತಿಯನ್ನು ಹೊತ್ತು ತಂದವು. ಹೆಚ್ಚಿನವರು ಅದನ್ನು ಕಸವೆಂದು ಅಳಿಸುತ್ತಾರೆ. ವಿಂಡೋಸ್ ಮಟ್ಟಿಗೆ ಅದು ಕಸವೇ ಸರಿ.

1985ರ ನವೆಂಬರಿನಲ್ಲಿ ಬಂದ ಮೈಕ್ರೋಸಾಫ್ಟಿನ ವಿಂಡೋಸ್ 1.0 ಡಾಸ್ ಮೇಲೆ ಕೂತಿತ್ತು. ಡಾಸ್ ಫೈಲಿಗೆ ಎರಡನೇ ಕವಲೆಂಬುದಿಲ್ಲ. ಹಾಗಾಗಿ ಮೈಕ್ರೋಸಾಫ್ಟ್ ಅದೇ ವಿಚಾರವನ್ನು ಇಎಕ್ಸ್‌ಇ ಫೈಲಿನ ಒಳಕ್ಕೆ ತಳ್ಳಿತು. ಮೆನು, ಪೆಟ್ಟಿಗೆ, ಐಕಾನುಗಳ ವಿವರವನ್ನು ಪ್ರೋಗ್ರಾಮರ್ ಆರ್‌ಸಿ ಎಂಬ ಪಠ್ಯ ಫೈಲಿನಲ್ಲಿ ಬರೆಯಬೇಕು. ರಿಸೋರ್ಸ್ ಕಂಪೈಲರ್ ಅದನ್ನು ಅರೆದು ಇಎಕ್ಸ್‌ಇ ಫೈಲಿಗೆ ಹೊಲಿಯುತ್ತದೆ. ಈ ಇಎಕ್ಸ್‌ಇ ಮೊದಲೇ ಎರಡು ಮುಖದ ಪ್ರಾಣಿ. ಅದರ ಮೊದಲ ಎರಡು ಅಕ್ಷರ ಎಂ ಮತ್ತು ಜೆಡ್, ಡಾಸ್ ಕಾಲದ ಮೈಕ್ರೋಸಾಫ್ಟ್ ಎಂಜಿನಿಯರ್ ಮಾರ್ಕ್ ಜ್ಬಿಕೋವ್‌ಸ್ಕಿಯ ಹೆಸರಿನ ಮೊದಲಕ್ಷರಗಳು. ವಿಂಡೋಸ್ ಪ್ರೋಗ್ರಾಮನ್ನು ಬರಿಯ ಡಾಸ್‌ನಲ್ಲಿ ಓಡಿಸಿದರೆ ‘ಇದಕ್ಕೆ ವಿಂಡೋಸ್ ಬೇಕು’ ಎಂಬರ್ಥದ ಒಂದು ಸಾಲು ಮುದ್ರಿಸಿ ಸುಮ್ಮನಾಗುವ ಪುಟ್ಟ ಡಾಸ್ ಪ್ರೋಗ್ರಾಮೊಂದು ಅದರ ಹೊಸ್ತಿಲಲ್ಲಿ ಕೂತಿರುತ್ತದೆ. ನಿಜವಾದ ಮನೆ ಅದರ ಹಿಂದೆ. ರಿಸೋರ್ಸು ಹುಡುಕು, ತುಂಬು, ಬೀಗ ಹಾಕು ಎಂಬ ಮೂರು ಹಂತದ ಕರೆಗಳೂ ಆಗಿನವು. ಮೆಮೊರಿಯಲ್ಲಿ ರಿಸೋರ್ಸು ಜಾಗ ಬದಲಿಸದಂತೆ ಬೀಗ ಹಾಕಬೇಕಿದ್ದ ಕಾಲ ಎಂದೋ ಮುಗಿದಿದೆ. ಇಂದಿನ ವಿಂಡೋಸ್‌ನಲ್ಲಿ ‘ಲಾಕ್‌ರಿಸೋರ್ಸ್’ ಯಾವುದಕ್ಕೂ ಬೀಗ ಹಾಕುವುದಿಲ್ಲ, ಹೆಸರು ಮಾತ್ರ ಉಳಿದಿದೆ.

1993ರ ವಿಂಡೋಸ್ ಎನ್‌ಟಿ ಹೊಸ ಇಎಕ್ಸ್‌ಇ ರಚನೆಯನ್ನು ತಂದಿತು. ರಿಸೋರ್ಸುಗಳಿಗೆ ಅದರಲ್ಲಿ ಮೂರು ಅಂತಸ್ತಿನ ಮರ: ಮೊದಲು ಜಾತಿ, ಆಮೇಲೆ ಹೆಸರು, ಕೊನೆಗೆ ಭಾಷೆ. ಒಂದೇ ಪೆಟ್ಟಿಗೆಯ ಇಂಗ್ಲಿಷ್, ಜಪಾನಿ, ಕನ್ನಡ ರೂಪಗಳು ಒಂದೇ ಫೈಲಿನಲ್ಲಿ ಅಕ್ಕಪಕ್ಕ ಇರಬಹುದಿತ್ತು. ಈ ಪಟ್ಟಿಯಲ್ಲಿ ಭಾರತದ ಕನ್ನಡಕ್ಕೆ ಸಿಕ್ಕ ಸಂಖ್ಯೆ 1099. ಸಂಖ್ಯೆ ಸಿಕ್ಕಿದ್ದಕ್ಕೂ ಅಕ್ಷರ ಮೂಡುವುದಕ್ಕೂ ಸಂಬಂಧವಿಲ್ಲ. ಕನ್ನಡ ಲಿಪಿಯನ್ನು ಸರಿಯಾಗಿ ಜೋಡಿಸಿ ತೋರಿಸುವ ಶಕ್ತಿ ವಿಂಡೋಸ್‌ಗೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ಮಲೆನಾಡಿನ ನದಿಯ ಹೆಸರು ಹೊತ್ತ ‘ತುಂಗಾ’ ಫಾಂಟಿನೊಂದಿಗೆ. ಆ ಕಾಲದಲ್ಲಿ ನುಡಿ, ಬರಹಗಳಂಥ ತಂತ್ರಾಂಶಗಳ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಕೆಲಸ ನಡೆಸಿದ್ದವು. ಪತ್ರವೊಂದನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಾಗದ ರೋಮನ್ ಅಕ್ಷರಗಳ ರಾಶಿ. ಕನ್ನಡದ ಡಿಟಿಪಿ ಕೇಂದ್ರಗಳಲ್ಲಿ ಕೆಲಸ ಮಾಡಿದವರಿಗೆ, ಬುತ್ತಿ ಮನೆಯಲ್ಲೇ ಉಳಿದರೆ ಏನಾಗುತ್ತದೆಂದು ಯಾರೂ ವಿವರಿಸಬೇಕಾಗಿಲ್ಲ.

ಭಾಷೆಗಳು ಹೆಚ್ಚಿದಂತೆ ಒಂದೇ ಇಎಕ್ಸ್‌ಇಯಲ್ಲಿ ಎಲ್ಲವನ್ನೂ ತುಂಬುವುದು ದಂಡವೆನಿಸಿತು. ವಿಸ್ಟಾ ಆವೃತ್ತಿಯಿಂದ ಮುಂದೆ ವಿಂಡೋಸ್ ತನ್ನದೇ ಪ್ರೋಗ್ರಾಮುಗಳಿಂದ ಪದಗಳನ್ನು ಮತ್ತೆ ಹೊರತೆಗೆದು, ಭಾಷೆಗೊಂದು ಫೋಲ್ಡರಿನಲ್ಲಿ ಎಂಯುಐ ಫೈಲುಗಳಾಗಿ ಇಡತೊಡಗಿತು. ಡಾಟ್‌ನೆಟ್‌ನ ‘ಸ್ಯಾಟಲೈಟ್ ಅಸೆಂಬ್ಲಿ’ಗಳದ್ದೂ ಅದೇ ಜಾಡು. ಕಟ್ಟಿದ ಕಾರಣವೇ ಬಿಚ್ಚುವ ಕಾರಣವೂ ಆಯಿತು.

ಡಾಸ್‌ನಲ್ಲೇ ಉಳಿದವರ ಕಥೆ ಬೇರೆ. ಬೋರ್ಲೆಂಡ್ ಕಂಪನಿಯ ಟರ್ಬೊ ಪ್ಯಾಸ್ಕಲ್ 4.0 1987ರಲ್ಲಿ ಬಿಜಿಐ ಎಂಬ ಗ್ರಾಫಿಕ್ಸ್ ವ್ಯವಸ್ಥೆಯನ್ನು ತಂದಿತು. ಅದು ಬೇಗನೆ ಟರ್ಬೊ ಸಿಗೂ ಬಂತು. ಗೆರೆ ಎಳೆಯುವ, ವೃತ್ತ ಬಿಡಿಸುವ ಡ್ರೈವರುಗಳು ಪ್ರತ್ಯೇಕ ಫೈಲುಗಳಲ್ಲಿದ್ದವು. ಭಾರತದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಟರ್ಬೊ ಸಿ ತನ್ನ ತವರಿನಲ್ಲಿ ಮರೆಯಾದ ಮೇಲೂ ಬಹಳ ಕಾಲ ಆಳಿತು. ಹೀಗಾಗಿ ಲ್ಯಾಬಿನಲ್ಲಿ ಚೆಂದವಾಗಿ ಓಡಿದ ಇಎಕ್ಸ್‌ಇಯನ್ನು ಫ್ಲಾಪಿಯಲ್ಲಿ ಮನೆಗೊಯ್ದು ಓಡಿಸಿದಾಗ ‘ಗ್ರಾಫಿಕ್ಸ್ ನಾಟ್ ಇನಿಷಿಯಲೈಸ್ಡ್’ ಎಂದು ಅದು ಕೈಯೆತ್ತುವುದನ್ನು ಇಲ್ಲಿನ ಎಷ್ಟೋ ತಂಡಗಳ ವಿದ್ಯಾರ್ಥಿಗಳು ಕಂಡಿದ್ದಾರೆ. ಡ್ರೈವರು ಎಲ್ಲಿದೆಯೆಂದು ಕೋಡಿನಲ್ಲೇ ಬರೆದಿದ್ದ ವಿಳಾಸ, ಅಂದರೆ ಸಿ ಡ್ರೈವಿನ ಟಿಸಿ ಫೋಲ್ಡರಿನೊಳಗಿನ ಬಿಜಿಐ, ಮನೆಯ ಕಂಪ್ಯೂಟರಿನಲ್ಲಿ ಇರುತ್ತಿರಲಿಲ್ಲ. ಪರಿಹಾರ ಬೋರ್ಲೆಂಡಿನ ಪೆಟ್ಟಿಗೆಯಲ್ಲೇ ಇತ್ತು: ಬಿಜಿಐಒಬಿಜೆ ಎಂಬ ಚಿಕ್ಕ ಸಲಕರಣೆ ಡ್ರೈವರನ್ನು ಆಬ್ಜೆಕ್ಟ್ ಫೈಲಾಗಿ ಬದಲಿಸುತ್ತಿತ್ತು, ಲಿಂಕರ್ ಅದನ್ನು ಇಎಕ್ಸ್‌ಇಯೊಳಗೆ ಸೇರಿಸುತ್ತಿತ್ತು. ಪರೀಕ್ಷೆಗೆ ಬಾರದ ವಿಷಯವಾದ್ದರಿಂದಲೋ ಏನೋ, ಅದನ್ನು ಬಳಸಿದವರು ಕಡಿಮೆ. ಇಡೀ ಟಿಸಿ ಫೋಲ್ಡರನ್ನೇ ನಕಲು ಮಾಡಿ ಒಯ್ಯುವುದು ರೂಢಿಯಾಯಿತು.

ಯೂನಿಕ್ಸ್ ಜಗತ್ತಿಗೆ ಕಟ್ಟುವ ಹಟ ಎಂದೂ ಅಷ್ಟಾಗಿ ಇರಲಿಲ್ಲ. ಪ್ರೋಗ್ರಾಮು ಒಂದು ಕಡೆ, ಚಿತ್ರಗಳು ಇನ್ನೊಂದು ಕಡೆ, ಅನುವಾದ ಮತ್ತೊಂದು ಕಡೆ. ಎಲ್ಲಕ್ಕೂ ಊರಿಗೆಲ್ಲ ಗೊತ್ತಿರುವ ವಿಳಾಸ. ಗ್ನೂ ಗೆಟ್‌ಟೆಕ್ಸ್ಟ್ ಬಳಸುವ ಲಿನಕ್ಸ್ ಪ್ರೋಗ್ರಾಮುಗಳ ಕನ್ನಡ ಪದಗಳು ಇಂದಿಗೂ ಯುಎಸ್‌ಆರ್ ಷೇರ್‌ನ ಅಡಿಯಲ್ಲಿ ಕೆಎನ್ ಎಂಬ ಎರಡಕ್ಷರದ ಫೋಲ್ಡರಿನಲ್ಲಿ ಒಟ್ಟಾಗಿ ಸಿಗುತ್ತವೆ. ಅಲ್ಲಿಯೂ ಒಂದು ಸೊಗಸಾದ ಅಪವಾದವಿತ್ತು. ಎಕ್ಸ್ ವಿಂಡೋ ವ್ಯವಸ್ಥೆಯ ಎಕ್ಸ್‌ಬಿಎಂ ಎಂಬ ಕಪ್ಪುಬಿಳುಪು ಚಿತ್ರದ ಫೈಲನ್ನು ಪಠ್ಯವಾಗಿ ತೆರೆದರೆ ಕಾಣುವುದು ಸಿ ಭಾಷೆಯ ಕೋಡು: ಅಗಲ ಇಷ್ಟು, ಎತ್ತರ ಇಷ್ಟು, ಚುಕ್ಕಿಗಳು ಇವು ಎಂದು ಸಾರುವ ಸಂಖ್ಯೆಗಳ ಸಾಲು. ಪ್ರೋಗ್ರಾಮರ್ ಅದನ್ನು ನೇರವಾಗಿ ತನ್ನ ಕೋಡಿನಲ್ಲಿ ಸೇರಿಸಿಕೊಂಡರೆ ಚಿತ್ರ ತಾನಾಗಿ ಪ್ರೋಗ್ರಾಮಿನ ಭಾಗವಾಗುತ್ತದೆ. ಇಲ್ಲಿ ನಂಬಿಸಬೇಕಾದದ್ದು ಕಂಪೈಲರನ್ನು, ಚಿತ್ರವೂ ಕೋಡೇ ಎಂದು.

1980ರ ದಶಕದ ಕೊನೆಗೆ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಬೇರೊಂದು ವಿಚಾರ ಮೊಳೆಯಿತು: ಫೈಲನ್ನು ಸೀಳುವುದೂ ಬೇಡ, ತುಂಬುವುದೂ ಬೇಡ, ಫೋಲ್ಡರಿಗೇ ಪ್ರೋಗ್ರಾಮಿನ ವೇಷ ಹಾಕಿದರಾಯಿತು. ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1989ರಲ್ಲಿ ಹೊರತಂದ ರಿಸ್ಕ್ ಓಎಸ್ 2ರಲ್ಲಿ ಹೆಸರಿನ ಮೊದಲಿಗೆ ಆಶ್ಚರ್ಯಸೂಚಕ ಚಿಹ್ನೆ ಇದ್ದ ಫೋಲ್ಡರೆಲ್ಲ ಪ್ರೋಗ್ರಾಮೇ. ಡಬಲ್ ಕ್ಲಿಕ್ ಮಾಡಿದರೆ ಒಳಗಿನ ‘ರನ್’ ಫೈಲು ಓಡುತ್ತದೆ, ಐಕಾನುಗಳು ‘ಸ್ಪ್ರೈಟ್ಸ್’ ಫೈಲಿನಿಂದ ಬರುತ್ತವೆ. ಶಿಫ್ಟ್ ಒತ್ತಿಕೊಂಡು ಕ್ಲಿಕ್ ಮಾಡಿದರೆ ವೇಷ ಕಳಚಿ ಮಾಮೂಲಿ ಫೋಲ್ಡರಾಗಿ ತೆರೆದುಕೊಳ್ಳುತ್ತದೆ. ಪ್ರೋಗ್ರಾಮು ಬೇಡವಾದರೆ ಫೋಲ್ಡರನ್ನು ಅಳಿಸಿದರೆ ಸಾಕು. ಇನ್‌ಸ್ಟಾಲರು, ಅನ್‌ಇನ್‌ಸ್ಟಾಲರುಗಳ ಕಾಟದಲ್ಲಿ ಬೆಳೆದವರಿಗೆ ಇದು ಅಸೂಯೆ ಹುಟ್ಟಿಸುವಂಥ ಸರಳತೆ.

ಅಮೆರಿಕದಲ್ಲಿ ಸ್ಟೀವ್ ಜಾಬ್ಸ್ ಆಪಲ್ ಬಿಟ್ಟ ಮೇಲೆ ಕಟ್ಟಿದ ನೆಕ್ಸ್ಟ್ ಕಂಪನಿಯೂ ಇದೇ ದಾರಿ ಹಿಡಿಯಿತು. ಅದರ ನೆಕ್ಸ್ಟ್‌ಸ್ಟೆಪ್‌ನಲ್ಲಿ ಆಪ್ ಎಂಬ ಬಾಲದ ಫೋಲ್ಡರು ಬಳಕೆದಾರರ ಕಣ್ಣಿಗೆ ಒಂದೇ ಐಕಾನು. ಒಳಗೆ ಭಾಷೆಗೊಂದು ಉಪಫೋಲ್ಡರು. ಅದರಲ್ಲಿ ನಿಬ್ ಫೈಲುಗಳು. ಫ್ರಾನ್ಸಿನ ಜ್ಯಾಂ-ಮರಿ ಹುಲೊ ರೂಪಿಸಿದ ಇಂಟರ್‌ಫೇಸ್ ಬಿಲ್ಡರ್‌ನಲ್ಲಿ ಗುಂಡಿ, ಪೆಟ್ಟಿಗೆಗಳನ್ನು ಎಳೆದು ಜೋಡಿಸಿದರೆ ಅವು ಒಣಗಿಸಿಟ್ಟ ಹಪ್ಪಳದಂತೆ ನಿಬ್ ಫೈಲಿನಲ್ಲಿ ಉಳಿದು, ಪ್ರೋಗ್ರಾಮು ಓಡಿದಾಗ ಮತ್ತೆ ಅರಳುತ್ತಿದ್ದವು. ಸ್ಮಾಲ್‌ಟಾಕ್‌ನ ಇಮೇಜು ತುಂಡು ತುಂಡಾಗಿ ಮರಳಿ ಬಂದಂತೆ. 1996ರ ಕೊನೆಗೆ ಆಪಲ್ ನೆಕ್ಸ್ಟ್ ಅನ್ನು ಕೊಳ್ಳುವುದಾಗಿ ಸಾರಿತು. 2001ರ ಮಾರ್ಚ್ 24ರಂದು ಬಂದ ಮ್ಯಾಕ್ ಓಎಸ್ ಟೆನ್‌ನಲ್ಲಿ ಈ ಫೋಲ್ಡರೇ ಅಧಿಕೃತ ರೂಪವಾಯಿತು. ರಿಸೋರ್ಸ್ ಫೋರ್ಕನ್ನು ಹುಟ್ಟಿಸಿದ ಮನೆಯೇ ಅದನ್ನು ಮೂಲೆಗೆ ಸರಿಸಿತು. ಹೊಸ ಆಪ್ ಯಾವ ಡಿಸ್ಕಿನ ಮೇಲಿಟ್ಟರೂ ಅಂಗ ಕಳೆದುಕೊಳ್ಳುವುದಿಲ್ಲ, ಏಕೆಂದರೆ ಫೋಲ್ಡರೆಂದರೇನು ಎಂದು ಎಲ್ಲ ಡಿಸ್ಕಿಗೂ ಗೊತ್ತು. ಇಮೇಲಿನಲ್ಲಿ ಕಳಿಸುವಾಗ ಮಾತ್ರ ಫೋಲ್ಡರು ಫೋಲ್ಡರೇ. ಜಿಪ್ಪೋ ಡಿಸ್ಕ್ ಇಮೇಜೋ ಮಾಡದೆ ಗತಿಯಿಲ್ಲ.

ಕಟ್ಟದೇ ಇರುವುದರಲ್ಲೂ ಲಾಭವಿದೆಯೆಂದು ತೋರಿಸಿದ್ದು 1993ರ ಡಿಸೆಂಬರ್ 10ರಂದು ಬಂದ ಡೂಮ್ ಆಟ. ಅದರ ಭೂಪಟ, ರಾಕ್ಷಸರು, ಸದ್ದುಗಳೆಲ್ಲ ಇಎಕ್ಸ್‌ಇಯ ಹೊರಗೆ ‘ವ್ಯಾಡ್’ ಎಂಬ ಒಂದೇ ದೊಡ್ಡ ಫೈಲಿನಲ್ಲಿದ್ದವು. ರಚನೆ ಹನ್ನೆರಡು ಬೈಟಿನ ತಲೆಬರಹ, ವಸ್ತುವಿಗೆ ಹದಿನಾರು ಬೈಟಿನಂತೆ ಒಂದು ಪಟ್ಟಿ, ಅಷ್ಟೇ. ಬೇರೆಯವರು ಮಾಡಿದ ಸಣ್ಣ ವ್ಯಾಡ್ ಜೊತೆಗಿಟ್ಟರೆ ಅದರಲ್ಲಿನ ವಸ್ತು ಮೂಲದ್ದನ್ನು ಮರೆಮಾಡುತ್ತದೆ. ಮ್ಯಾಕಿನಲ್ಲಿ ವೈರಸ್ಸಿಗೆ ದಾರಿಯಾದ ಹುಡುಕಾಟದ ಕ್ರಮ ಇಲ್ಲಿ ಅಭಿಮಾನಿಗಳ ಕೈಗೆ ಬಂದು, ಸಾವಿರಾರು ಹೊಸ ಭೂಪಟಗಳು ಹುಟ್ಟಿದವು.

ಇಷ್ಟು ಹೊತ್ತಿಗೆ ಫಿಲ್ ಕಾಟ್ಜ್ 1989ರಲ್ಲಿ ಲೋಕಕ್ಕೆ ಬಿಟ್ಟ ಜಿಪ್ ವಿಧಾನ ಎಲ್ಲೆಡೆ ಹರಡಿತ್ತು. 1997ರಲ್ಲಿ ಸನ್ ಕಂಪನಿಯ ಜಾವಾ 1.1 ಅದನ್ನೇ ಎತ್ತಿಕೊಂಡು ಜಾರ್ ಎಂದು ಹೆಸರಿಟ್ಟಿತು. ಮೂಲ ಉದ್ದೇಶ ಡೆಸ್ಕ್‌ಟಾಪ್ ಆಗಿರಲಿಲ್ಲ. ಬ್ರೌಸರಿನಲ್ಲಿ ಓಡುವ ಆಪ್ಲೆಟ್‌ನ ಪ್ರತಿ ಕ್ಲಾಸು, ಪ್ರತಿ ಚಿತ್ರವನ್ನೂ ಮೋಡೆಮ್ ಮೇಲೆ ಒಂದೊಂದಾಗಿ ತರುವ ಬದಲು ಒಂದೇ ಸಾರಿಗೆ ತರಬೇಕಿತ್ತು. 1998ರ ಕೊನೆಯ ಜಾವಾ 1.2ರಲ್ಲಿ ಜಾರ್ ಫೈಲನ್ನೇ ಓಡಿಸುವ ಸೌಲಭ್ಯ ಬಂತು. ಅದರೊಳಗೆ ಮ್ಯಾನಿಫೆಸ್ಟ್ ಎಂಬ ಪಠ್ಯ ಫೈಲು, ಅದರಲ್ಲಿ ‘ಮುಖ್ಯ ಕ್ಲಾಸು ಇಂಥದ್ದು’ ಎಂಬ ಒಂದು ಸಾಲು. ಆ ಸಾಲಿನ ಕೊನೆಗೆ ಎಂಟರ್ ಒತ್ತದಿದ್ದರೆ ಜಾವಾ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರಬಹುದು. ಕಾಣದ ಖಾಲಿ ಜಾಗವನ್ನು ಅಕ್ಷರವೆಂದು ಎಣಿಸುತ್ತಿದ್ದ ಮ್ಯಾಕಿನ ಕಾಲದಿಂದ ಈ ಬಗೆಯ ಮಡಿವಂತಿಕೆ ಬದಲಾಗಿಲ್ಲ.

ಜಾರ್‌ನಲ್ಲಿ ಕಣ್ಕಟ್ಟಿಗೆ ಒಳಗಾಗುವುದು ಪ್ರೋಗ್ರಾಮು. ಮೋಸಹೋಗುವುದು ಹೊಸ ಪ್ರೋಗ್ರಾಮರು. ಕೋಡು ಬರೆಯುವಾಗ ಚಿತ್ರಗಳು ಡಿಸ್ಕಿನ ಮೇಲೆ ನಿಜವಾದ ಫೋಲ್ಡರಿನಲ್ಲಿರುತ್ತವೆ. ಫೈಲಿನ ವಿಳಾಸ ಕೊಟ್ಟು ತೆರೆದರೆ ತೆರೆಯುತ್ತವೆ. ಜಾರ್ ಕಟ್ಟಿದೊಡನೆ ಕಿಟಕಿ ಬರುತ್ತದೆ, ಚಿತ್ರಗಳು ಮಾಯ. ಚಿತ್ರ ಜಾರ್‌ನ ಒಳಗೇ ಇದೆ, ಬಿಚ್ಚಿ ನೋಡಿದರೆ ಕಾಣುತ್ತದೆ ಕೂಡ. ಆದರೆ ಆಪರೇಟಿಂಗ್ ಸಿಸ್ಟಮ್ಮಿನ ಲೆಕ್ಕದಲ್ಲಿ ಅಂಥ ಫೈಲೇ ಇಲ್ಲ. ಇರುವುದು ಜಾರ್ ಒಂದೇ, ಚಿತ್ರ ಅದರ ಹೊಟ್ಟೆಯಲ್ಲಿನ ಒಂದಿಷ್ಟು ಬೈಟು. ಅದನ್ನು ಫೈಲೆಂದು ಕೇಳಬಾರದು, ಕ್ಲಾಸ್ ಲೋಡರನ್ನು ಕರೆದು ‘ಈ ಹೆಸರಿನ ರಿಸೋರ್ಸ್ ಕೊಡು’ ಎಂದು ಕೇಳಬೇಕು. ‘ಗೆಟ್‌ರಿಸೋರ್ಸ್’ ಎಂಬ ಕರೆ ಇರುವುದೇ ಅದಕ್ಕೆ. ಹೆಸರಿನ ಮೊದಲಿಗೆ ಓರೆಗೆರೆ ಹಾಕಿದರೆ ಜಾರ್‌ನ ಬುಡದಿಂದ ಹುಡುಕಾಟ, ಹಾಕದಿದ್ದರೆ ಆ ಕ್ಲಾಸು ಇರುವ ಫೋಲ್ಡರಿನಿಂದ. ದೊಡ್ಡಕ್ಷರ ಸಣ್ಣಕ್ಷರದ ಭೇದವೂ ಉಂಟು. ವಿಂಡೋಸ್ ಡಿಸ್ಕು ಕ್ಷಮಿಸುವ ಈ ತಪ್ಪನ್ನು ಜಾರ್ ಕ್ಷಮಿಸುವುದಿಲ್ಲ. ಇನ್ನು ಪ್ರೋಗ್ರಾಮು ತನ್ನ ಸೆಟ್ಟಿಂಗುಗಳನ್ನು ಅದೇ ಜಾರ್‌ನೊಳಗೆ ಬರೆದಿಡಲು ಹೊರಟರೆ ಆಗದ ಮಾತು: ಕಟ್ಟಿದ ಬುತ್ತಿಯಿಂದ ತೆಗೆದು ಉಣ್ಣಬಹುದೇ ಹೊರತು ಅದರಲ್ಲೇ ಅಡುಗೆ ಮಾಡಲಾಗದು.

ಜಾರ್‌ಗೆ ಇನ್ನೊಂದು ಬಗೆಯ ಅವಮಾನವೂ ಕಾದಿತ್ತು. ಅದು ಒಳಗಿನಿಂದ ಜಿಪ್ಪೇ ಆದ್ದರಿಂದ ಜಿಪ್ ಬಿಚ್ಚುವ ತಂತ್ರಾಂಶಗಳು ಅದನ್ನು ತಮ್ಮದೆಂದು ವಶಪಡಿಸಿಕೊಂಡವು. ಡಬಲ್ ಕ್ಲಿಕ್ ಮಾಡಿದರೆ ಪ್ರೋಗ್ರಾಮು ಓಡುವ ಬದಲು ಗಂಟು ಬಿಚ್ಚಿಕೊಳ್ಳುತ್ತಿತ್ತು. ಭಾರತದ ಬಹಳ ಜನಕ್ಕೆ ಜಾರ್ ಪರಿಚಯವಾದದ್ದು ಡೆಸ್ಕ್‌ಟಾಪಿನಲ್ಲಲ್ಲ, ಬ್ಲೂಟೂತ್‌ನಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದ ಮೊಬೈಲ್ ಆಟಗಳಲ್ಲಿ. ಆಮೇಲೆ ಬಂದ ಆಂಡ್ರಾಯ್ಡ್‌ನ ಎಪಿಕೆ ಕೂಡ ಅದೇ ಜಿಪ್ ವಂಶದ್ದು. ಕನ್ನಡ ಪದಗಳಿಗೆ ಡೆವಲಪರುಗಳು ಅದರಲ್ಲೂ ಕೆಎನ್ ಎಂಬ ಬಾಲದ ಫೋಲ್ಡರನ್ನೇ ಮಾಡುತ್ತಾರೆ.

ಜಿಪ್‌ನ ಒಂದು ಗುಣ ಕಟ್ಟುವವರಿಗೆ ಅನಿರೀಕ್ಷಿತ ವರವಾಯಿತು. ಅದರ ವಿಷಯಸೂಚಿ ಇರುವುದು ಫೈಲಿನ ಕೊನೆಯಲ್ಲಿ. ಇಎಕ್ಸ್‌ಇಯನ್ನು ಓದುವುದು ಮೊದಲಿನಿಂದ. ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸಿದರೆ ಇಬ್ಬರಿಗೂ ತಕರಾರಿಲ್ಲ: ಮುಂದಿನಿಂದ ನೋಡಿದರೆ ಇಎಕ್ಸ್‌ಇ, ಹಿಂದಿನಿಂದ ನೋಡಿದರೆ ಜಿಪ್. ತಾನೇ ಬಿಚ್ಚಿಕೊಳ್ಳುವ ಜಿಪ್ ಫೈಲುಗಳು, ಜಾರ್‌ಗೆ ಇಎಕ್ಸ್‌ಇ ಮುಖವಾಡ ತೊಡಿಸುವ ಸಲಕರಣೆಗಳು ಈ ಗುಣದ ಫಲ. ಬಾಲಕ್ಕೆ ಅಂಟಿಸುವ ಉಪಾಯ ಜಿಪ್ ಅಲ್ಲದವಕ್ಕೂ ಒಗ್ಗಿತು. ಪೈಥಾನ್ ಪ್ರೋಗ್ರಾಮುಗಳನ್ನು ಕಟ್ಟುವ ಪೈಇನ್‌ಸ್ಟಾಲರ್ ‘ಒಂದೇ ಫೈಲು’ ಎಂದಾಗ ಕೊಡುವ ಇಎಕ್ಸ್‌ಇ, ಓಡಿಸಿದ ಪ್ರತಿ ಸಾರಿಯೂ ಅಡಿಗೆರೆ ಮತ್ತು ಎಂಇಐ ಎಂಬ ಅಕ್ಷರಗಳಿಂದ ಆರಂಭವಾಗುವ ತಾತ್ಕಾಲಿಕ ಫೋಲ್ಡರಿನಲ್ಲಿ ಗಂಟು ಬಿಚ್ಚಿ, ಮುಗಿದ ಮೇಲೆ ಅಳಿಸುತ್ತದೆ. ಒಂದೇ ಫೈಲೆಂಬುದು ಕೊಳ್ಳುವವರ ಕಣ್ಣಿಗೆ ಮಾತ್ರ. ಲಿನಕ್ಸ್‌ನ ಆಪ್‌ಇಮೇಜ್ ಬಿಚ್ಚುವ ಗೋಜಿಗೂ ಹೋಗದೆ, ಬಾಲದಲ್ಲಿರುವ ಕುಗ್ಗಿಸಿದ ಡಿಸ್ಕನ್ನು ಇದ್ದಲ್ಲೇ ತಗುಲಿಸಿ ಓದುತ್ತದೆ.

ಕಟ್ಟಿದ ಗಂಟನ್ನು ದಾರಿಯಲ್ಲಿ ಯಾರೂ ಬಿಚ್ಚದಂತೆ ಮುದ್ರೆ ಒತ್ತುವ ಪದ್ಧತಿ ಜಾರ್‌ನ ಆರಂಭದಿಂದಲೇ ಇತ್ತು; ಮ್ಯಾಕಿಗೆ ಅದು 2007ರ ಲೆಪರ್ಡ್ ಆವೃತ್ತಿಯಲ್ಲಿ ಬಂತು. ಆಪ್ ಫೋಲ್ಡರಿನೊಳಗಿನ ಪ್ರತಿ ರಿಸೋರ್ಸಿನ ಗಣಿತದ ಬೆರಳಚ್ಚು ಒಂದು ಪಟ್ಟಿಯಲ್ಲಿ, ಪಟ್ಟಿಗೆ ತಯಾರಕರ ಸಹಿ. ಮೆನುವಿನ ಒಂದು ಪದ ತಿದ್ದಿದರೂ ಮುದ್ರೆ ಒಡೆಯುತ್ತದೆ. ರೆಸ್‌ಎಡಿಟ್ ಹಿಡಿದು ಕಸದ ಬುಟ್ಟಿಯ ಚಿತ್ರ ಬದಲಿಸಿದವರ ಕಾಲಕ್ಕೆ ತೆರೆ ಬಿದ್ದದ್ದು ಇಲ್ಲಿ. ಅನುವಾದಕರೂ ಇನ್ನು ಮುಂದೆ ತಯಾರಕರ ಬಾಗಿಲನ್ನೇ ತಟ್ಟಬೇಕು.

ವಿಚಿತ್ರವೆಂದರೆ ಇಷ್ಟು ವರ್ಷ ಈ ಕೆಲಸವೆಲ್ಲ ನಡೆದದ್ದು ಪ್ರೋಗ್ರಾಮಿಂಗ್ ಭಾಷೆಗಳ ಹೊರಗೆ. ಸಿ ಭಾಷೆಯಲ್ಲಿ ಫೈಲೊಂದನ್ನು ಹೊಟ್ಟೆಗೆ ಸೇರಿಸಿಕೊಳ್ಳಬೇಕಾದವರು ಎಕ್ಸ್‌ಎಕ್ಸ್‌ಡಿಯಂಥ ಸಲಕರಣೆಯಿಂದ ಅದನ್ನು ಸಂಖ್ಯೆಗಳ ಪಟ್ಟಿಯಾಗಿ ಬದಲಿಸಿಕೊಳ್ಳುತ್ತಿದ್ದರು. ಒಂದು ಬೈಟಿಗೆ ಅಲ್ಪವಿರಾಮ, ಖಾಲಿ ಜಾಗ ಸೇರಿ ಆರು ಅಕ್ಷರ. ದೊಡ್ಡ ಚಿತ್ರವಾದರೆ ಕಂಪೈಲರು ಒಂದೊಂದು ಸಂಖ್ಯೆಯನ್ನೂ ಬಿಡಿಸಿ ಓದುತ್ತ ಏದುಸಿರು ಬಿಡುತ್ತಿತ್ತು. ಗೋ ಭಾಷೆಯವರು ಗೋ-ಬಿನ್‌ಡೇಟಾ ಎಂಬ ಹೊರಗಿನ ಸಲಕರಣೆಯನ್ನು ನೆಚ್ಚಿದ್ದರು. 2018ರಲ್ಲಿ ಅದನ್ನು ಬರೆದವರು ಗಿಟ್‌ಹಬ್‌ನ ತಮ್ಮ ಖಾತೆಯನ್ನು ಮುಚ್ಚಿದರು. ಅದೇ ಹೆಸರಿನ ಖಾತೆಯನ್ನು ಬೇರೊಬ್ಬರು ತೆರೆದು ಕೋಡನ್ನು ಮತ್ತೆ ಇಟ್ಟರು. ಉದ್ದೇಶ ಒಳ್ಳೆಯದೇ ಇದ್ದಿರಬಹುದು, ಆದರೆ ಬುತ್ತಿ ಕಟ್ಟುವ ಕೈ ಯಾರದೆಂದು ತಿಳಿಯದ ಸ್ಥಿತಿ ಯಾರಿಗೂ ಹಿತವಾಗಿರಲಿಲ್ಲ. 2021ರ ಫೆಬ್ರವರಿಯಲ್ಲಿ ಗೋ 1.16 ಈ ಕೆಲಸವನ್ನು ಭಾಷೆಯೊಳಗೇ ಎಳೆದುಕೊಂಡಿತು: ಕೋಡಿನಲ್ಲಿ ‘ಎಂಬೆಡ್’ ಎಂಬ ಒಂದು ಸಾಲು ಬರೆದರೆ ಹೆಸರಿಸಿದ ಫೈಲು ಪ್ರೋಗ್ರಾಮಿನೊಳಗೆ. ರಸ್ಟ್ ಭಾಷೆಗೆ ಇಂಥ ಸೌಲಭ್ಯ ಮೊದಲೇ ಇತ್ತು.

ಸಿ ಭಾಷೆಗೆ ಇದು ಬರಲು ಹೆಚ್ಚು ಕಾಲ ಹಿಡಿಯಿತು. ಝನ್‌ಹೇಡ್ ಮೆನೀಡ್ ಎಂಬ ಪ್ರೋಗ್ರಾಮರ್ ವರ್ಷಗಟ್ಟಲೆ ಪ್ರಸ್ತಾವಗಳನ್ನು ಬರೆದು, ತಿದ್ದಿ, ವಾದಿಸಿದ ಮೇಲೆ 2022ರಲ್ಲಿ ಮಾನಕ ಸಮಿತಿ ಎಂಬೆಡ್ ಆದೇಶವನ್ನು ಒಪ್ಪಿತು. ಸಿ23 ಎಂದು ಕರೆಯುವ ಮಾನಕ 2024ರಲ್ಲಿ ಪ್ರಕಟವಾಯಿತು. ಆದೇಶದ ಅರ್ಥವನ್ನು ಮಾನಕ ವಿವರಿಸುವುದು, ಫೈಲಿನ ಬೈಟುಗಳನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಂಖ್ಯೆಗಳ ಪಟ್ಟಿಯಾಗಿ ಅದೇ ಜಾಗದಲ್ಲಿ ಬರೆದಂತೆ ಎಂದು. ಕಂಪೈಲರುಗಳು ಒಳಗೊಳಗೆ ಆ ಪಟ್ಟಿಯನ್ನು ಬರೆಯದೆಯೇ ಬೈಟುಗಳನ್ನು ನೇರವಾಗಿ ನಕಲಿಸುತ್ತವೆ, ಬರೆದಂತೆ ನಟಿಸುತ್ತವೆ. ಹಳೆಯ ಎಕ್ಸ್‌ಬಿಎಂ ಚಿತ್ರಗಳ ಫೈಲುಗಳಲ್ಲಿ ಆ ಪಟ್ಟಿ ನಿಜವಾಗಿಯೇ ಬರೆದಿರುತ್ತಿತ್ತು; ಅಂಥದೊಂದನ್ನು ಇಂದಿನ ಸಿ ಕಂಪೈಲರಿಗೆ ಕೊಟ್ಟರೆ ಅದು ಈಗಲೂ ಒಪ್ಪಿಕೊಳ್ಳುತ್ತದೆ.